ಕೊನೆಯಲ್ಲಿ ನಡೆಯುವವಳು

ಗೋಡೆಗೆ ಎದೆಮಟ್ಟದವರೆಗೆ ಹಸಿರು, ಅದರ ಮೇಲೆ ಕೆನೆಬಣ್ಣ ಬಳಿದಿದ್ದರು. ಎರಡು ಬಣ್ಣ ಕೂಡುವ ಗೆರೆ ಆಸ್ಪತ್ರೆಯ ಕಾರಿಡಾರಿನ ಆ ತುದಿಯಿಂದ ನೆಟ್ಟಗೆ ಬಂದು, ಸ್ವಿಚ್‌ಬೋರ್ಡಿನ ಹತ್ತಿರ ಮಾತ್ರ ಸಣ್ಣಗೆ ನಡುಗಿ, ಮತ್ತೆ ಸಾವರಿಸಿಕೊಂಡು ಈ ತುದಿಗೆ ಬಂದಿತ್ತು. ಬಳಿಯುವವನಿಗೆ ಅಲ್ಲಿ ಸೀನು ಬಂದಿರಬೇಕು, ಇಲ್ಲವೇ ಯಾರೋ ಹೆಸರು ಹಿಡಿದು ಕೂಗಿರಬೇಕು ಎಂದುಕೊಂಡಳು, ಎದುರಿನ ಬೆಂಚಿನ ಮೇಲೆ ಕೂತಿದ್ದವಳು. ಅಪ್ಪನಾಗಿದ್ದರೆ ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲು ಹಿಡಿದು, ಅದನ್ನು ಗೋಡೆಗೆ ಊರಿ, ಅದರ ಮೇಲೆ ಬಲಗೈಯ ಮಣಿಕಟ್ಟನ್ನು ಒರಗಿಸಿ, ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದ. ಅಪ್ಪನ ಗೆರೆ ಯಾವತ್ತೂ ನಡುಗಲಿಲ್ಲ. ಆದರೆ ಮುಗಿಯುತ್ತಲೂ ಇರಲಿಲ್ಲ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಟೈಲರ್ ಅಂಗಡಿಯ ಬೋರ್ಡಿನಲ್ಲಿ ಕೊನೆಯ ಎರಡು ಅಕ್ಷರಗಳಿಗೆ ಜಾಗ ಬಿಟ್ಟು, ಬಣ್ಣ ಒಣಗುವವರೆಗೆ ಎಂದು ಮೂಲೆಯಲ್ಲಿ ಒಂದು ಅಳಿಲು ಬರೆಯಲು ಕೂತು, ಅಳಿಲಿನ ಬಾಲದ ಕೂದಲುಗಳನ್ನು ಒಂದೊಂದಾಗಿ ಬಿಡಿಸುತ್ತ ಇಡೀ ಮಧ್ಯಾಹ್ನ ಕಳೆದುಬಿಟ್ಟಿದ್ದ. ಟೈಲರು ಬಂದು ಸೊಂಟಕ್ಕೆ ಕೈಕೊಟ್ಟು ನಿಂತು, 'ಅಳಿಲು ಷರ್ಟ್ ಹೊಲೀತದೇನಪ್ಪಾ?' ಎಂದಿದ್ದ. ಅಪ್ಪ ನಕ್ಕಿದ್ದ. ಏಣಿಯ ಕೆಳಗೆ ಟರ್ಪೆಂಟೈನ್ ಡಬ್ಬಿ ಹಿಡಿದು ನಿಂತಿದ್ದ ತಾನೂ ನಕ್ಕಿದ್ದಳು. ಆ ವಾಸನೆ, ಮೂಗಿನ ಒಳಗಿನವರೆಗೆ ತಣ್ಣಗೆ ಇಳಿದು ತಲೆಯನ್ನು ಹಗುರ ಮಾಡುವ ಆ ವಾಸನೆ...

'ಏಳೇ! ನಮ್ಮನ್ನೇ ಕರೀತಿರೋದು.' ಅಕ್ಕ ಮೊಣಕೈಯಲ್ಲಿ ತಿವಿದಳು. 'ಎರಡು ಸಲ ಕೂಗಿದ್ರು. ಕಿವೀನ ಮನೇಲಿ ಬಿಟ್ಟು ಬಂದ್ಯಾ?'

ಕರೆದದ್ದು ಬಿ.ಪಿ. ನೋಡುವುದಕ್ಕಷ್ಟೇ. ನರ್ಸು ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ ಬಿಟ್ಟು, ಮುಖ ಕೂಡ ನೋಡದೆ, 'ಕೂತಿರಿ, ಡಾಕ್ಟರು ಕರೀತಾರೆ' ಎಂದಳು. ಮತ್ತೆ ಅದೇ ಬೆಂಚು. ಅಕ್ಕ ಮೊದಲು ಅವಳನ್ನು ಕೂರಿಸಿ ಆಮೇಲೆ ತಾನು ಕೂತಳು. ಅಕ್ಕನದು ಯಾವಾಗಲೂ ಹಾಗೆ. ಬಟ್ಟೆ ಕಾರ್ಖಾನೆಯಲ್ಲಿ, ಹೊಲಿದು ಮುಗಿದ ಷರ್ಟುಗಳು ಕೊನೆಗೆ ಬಂದು ಬೀಳುವ ಮೇಜಿನ ಹಿಂದೆ ನಿಂತು, ಗುಂಡಿ ಬಿಟ್ಟುಹೋಗಿದೆಯೇ, ದಾರ ಜೋತಾಡುತ್ತಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುವುದು ಅವಳ ಕೆಲಸ. ಇವತ್ತು ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಕೂದಲಿನಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು.

ಹೋದ ಸಲ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ವಯಸ್ಸಿನಲ್ಲಿ ಚಿಕ್ಕವಳು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅದಕ್ಕೂ ಮೊದಲೊಮ್ಮೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ ಎಂದು ಶಾಲೆಯವರು ಹೇಳಿದರೆಂದು, ಮಗಳನ್ನು ಇಲ್ಲಿಗೆ ಕರೆತಂದಿದ್ದಳು. ಮಗಳ ಬಗ್ಗೆ ಡಾಕ್ಟರಮ್ಮ ಕೇಳಿದ ಒಂದೊಂದು ಪ್ರಶ್ನೆಗೂ ಬಾಯಲ್ಲಿ ಮಗಳ ಉತ್ತರ, ಹೊಟ್ಟೆಯೊಳಗೆ ತನ್ನ ಉತ್ತರ. ಕೊನೆಗೆ ತಡೆಯಲಾರದೆ 'ದೊಡ್ಡೋರಿಗೂ ಇರುತ್ತಾ ಇದು?' ಎಂದು ಕೇಳಿದ್ದಳು. ತಿಂಗಳುಗಟ್ಟಲೆ ಕಾದ ಮೇಲೆ ತನ್ನ ಸರದಿ ಬಂತು. ಕನ್ನಡಕದ ಅಂಗಡಿಯ ಕೆಲಸ, ಒಲೆಯ ಮೇಲೆ ಸೀದುಹೋದ ಪಾತ್ರೆಗಳು, ಅರ್ಧ ಓದಿಟ್ಟ ಪರೀಕ್ಷೆಗಳು, ಗಂಡನ ಮೌನ, ಎಲ್ಲ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, 'ಇದು ಎಡಿಎಚ್‌ಡಿ, ಅಂದ್ರೆ ಗಮನ ಒಂದು ಕಡೆ ನಿಲ್ಲದೇ ಇರೋ ತೊಂದರೆ, ಇರಬಹುದು. ಆದ್ರೆ ಇದು ದೊಡ್ಡೋರಾದ ಮೇಲೆ ಶುರುವಾಗೋದಲ್ಲ. ಚಿಕ್ಕಂದಿನಿಂದಲೇ ಇರಬೇಕು. ಆಗ ನಿಮ್ಮನ್ನ ನೋಡಿದೋರು ಯಾರಾದ್ರೂ ಬಂದು ಹೇಳಿದ್ರೆ ಒಳ್ಳೇದು. ಅಮ್ಮ ಇದಾರಾ?' ಎಂದಿದ್ದಳು. ಇಲ್ಲ. ಅಪ್ಪ? ಇಲ್ಲ. 'ಅಕ್ಕ ಇದಾಳೆ' ಎಂದ ಕೂಡಲೇ, ಶಾಲೆಯ ಕಾರಿಡಾರಿನಲ್ಲಿ ಒಂಟಿಯಾಗಿ ನಿಲ್ಲಿಸಿದಾಗಲೆಲ್ಲ ಹೇಳುತ್ತಿದ್ದ ಮಾತು ಇದೇ ಅಲ್ಲವೇ ಎನಿಸಿ ನಲವತ್ತಾರನೆಯ ವಯಸ್ಸಿನಲ್ಲಿ ಕಿವಿ ಬಿಸಿಯಾಗಿತ್ತು.

'ಅಕ್ಕಾ, ಇದ್ದದ್ದು ಇದ್ದ ಹಾಗೆ ಹೇಳು. ಅಷ್ಟೇ.'

'ಹೇಳದೇ ಇನ್ನೇನು? ನಾನೇನು ಕತೆ ಕಟ್ಟೋಳಾ?'

'ನೀನು ಇಲ್ಲ ಅಂದ್ರೆ ಇಲ್ಲ ಅಂತಾನೇ ಆಗುತ್ತೆ. ಆಮೇಲೆ ನಂಗೆ ಬೇರೆ ದಾರಿ ಇಲ್ಲ.'

'ಸುಮ್ನೆ ಕೂತ್ಕೊಳೇ. ಬಾಟಲಿ ಮುಚ್ಚಳ ಎಲ್ಲಿ?'

ಮುಚ್ಚಳ ಬೆಂಚಿನ ಮೇಲೇ ಇತ್ತು. ಅಕ್ಕ ಅದನ್ನು ತಿರುಗಿಸಿ ಹಾಕಿ ಬಾಟಲಿಯನ್ನು ತನ್ನ ಚೀಲಕ್ಕೆ ಸೇರಿಸಿದಳು.

ಬೇರೆ ದಾರಿ ಇಲ್ಲ ಎಂದಾಗ ಅವಳ ಕಣ್ಣ ಮುಂದೆ ಬಂದದ್ದು ಕನ್ನಡಕದ ಅಂಗಡಿಯ ಗಿರಾಕಿ, ಹಾಡು ಕಲಿಸುವ ಮೇಷ್ಟ್ರ ಮುಖ. ಅಂಗಡಿಯ ಒಳಕೋಣೆಯಲ್ಲಿ, ಮಸೂರದ ಅಂಚನ್ನು ಉಜ್ಜುವ ಯಂತ್ರದ ಮುಂದೆ ಕೂತಾಗ ಅವಳಷ್ಟು ಸುಖಿ ಇನ್ನೊಬ್ಬರಿಲ್ಲ. ನೀರು ಚಿಮ್ಮುತ್ತ ಗಾಜು ಸವೆಯುವ ಆ ಒಂದೇ ಶ್ರುತಿಯ ಸದ್ದಿನಲ್ಲಿ ಹೊತ್ತು ಹೋದದ್ದೇ ತಿಳಿಯದು. ಆದರೆ ಮೇಷ್ಟ್ರ ಕನ್ನಡಕ ಕೂರಿಸುವ ದಿನ ಕಿಟಕಿಯಾಚೆ ಯಾರೋ ಗೋಡೆಯ ಹಳೆಯ ಪೋಸ್ಟರು ಕೀಳುತ್ತಿದ್ದರು. ಒಂದರ ಕೆಳಗೊಂದು, ಅದರ ಕೆಳಗಿನ್ನೊಂದು. ಬಲಗಣ್ಣಿನ ಮಸೂರ ಎಡಕ್ಕೆ ಹೋಯಿತು, ಎಡಗಣ್ಣಿನದು ಬಲಕ್ಕೆ. ಮೇಷ್ಟ್ರು ಅದನ್ನೇ ಹಾಕಿಕೊಂಡು ಗೋಡೆ ಹಿಡಿದು ಮೆಟ್ಟಿಲಿಳಿಯುತ್ತ, ಪಾಠ ನಿಲ್ಲಿಸಿ, ಕೊನೆಗೊಂದು ದಿನ ಅಂಗಡಿಗೆ ಬಂದು ಸಂಕೋಚದಿಂದ ನಿಂತರು. 'ಕನ್ನಡಕ ಚೆನ್ನಾಗೇ ಇದೆಯಮ್ಮಾ. ನನ್ನ ಕಣ್ಣೇ ಕೈಕೊಡ್ತಿದೆ ಅನ್ಸುತ್ತೆ. ಇನ್ನೊಂದ್ಸಲ ನೋಡ್ತೀರಾ?' ಬಿಚ್ಚಿ ನೋಡಿದಳು, ಮಸೂರಗಳು ಅದಲುಬದಲಾಗಿದ್ದವು. ಸರಿಮಾಡಿ ಕೊಟ್ಟಳು. ಮೇಷ್ಟ್ರು ಬೀದಿಯತ್ತ ನೋಡಿದರು, ಎದುರಿನ ಬೋರ್ಡು ಓದಿದರು, ಬೈಯಲಿಲ್ಲ. 'ಹಾಗಾದ್ರೆ ತಪ್ಪು ನನ್ನ ಕಣ್ಣಿಂದಲ್ಲ?' ಎಂದು ಮಾತ್ರ ಕೇಳಿದರು, ಕೇಳುವಾಗ ಮುಖವೆಲ್ಲ ಸಡಿಲವಾಗಿ ಚಿಕ್ಕ ಹುಡುಗನಂತೆ ಕಂಡರು. ಮಾಲೀಕರು ಎಲ್ಲ ಕೇಳಿಸಿಕೊಂಡಿದ್ದರು. 'ಸ್ವಲ್ಪ ದಿನ ಕೌಂಟರ್ ನೋಡ್ಕೊಳ್ಳಿ ಮೇಡಂ' ಎಂದರು. ಅಂದಿನಿಂದ ಅವಳು ಗಿರಾಕಿಗಳ ಮುಂದೆ ಫ್ರೇಮು ಒರೆಸಿ ಜೋಡಿಸುತ್ತಾಳೆ. ಒಳಗಿನಿಂದ ಯಂತ್ರದ ಶ್ರುತಿ ಕೇಳಿಸುತ್ತದೆ. ಮೇಷ್ಟ್ರಿಗೆ ಸಿಕ್ಕ, ತಪ್ಪು ನಿನ್ನದಲ್ಲ ಎಂಬ ಆ ಒಂದು ಸಾಲು ತನಗೂ ಯಾರಾದರೂ ಹೇಳಿಯಾರೇ ಎಂದೇ ಅವಳು ಈ ಬೆಂಚಿನ ಮೇಲೆ ಕೂತಿದ್ದು.

ಈ ಸಲ ಕೂಗಿದ್ದು ಅವಳಿಗೇ ಕೇಳಿಸಿತು.

ಡಾಕ್ಟರಮ್ಮನ ಕೋಣೆ ಸಣ್ಣದು. ಒಂದು ಮೇಜು, ಮೂರು ಕುರ್ಚಿ, ಕೈತೊಳೆಯುವ ಬೇಸಿನ್ನು. ನಲ್ಲಿ ನಿಧಾನವಾಗಿ ತೊಟ್ಟಿಕ್ಕುತ್ತಿತ್ತು. ಅವಳು ಸ್ವೆಟರ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕನ್ನಡಕ ತೆಗೆದು ಒರೆಸಿ ಮೇಜಿನ ಮೇಲಿಟ್ಟಳು. ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಬೆನ್ನು ಅವಳಿಗೆ ಗೊತ್ತಿತ್ತು. ಹೆಡ್‌ಮಾಸ್ತರರ ಕೋಣೆಯಲ್ಲಿ ಇದೇ ಬೆನ್ನಿನ ಪಕ್ಕದಲ್ಲಿ ಎಷ್ಟು ಸಲ ನಿಂತಿಲ್ಲ!

'ನಿಮ್ಮ ತಂಗಿ ಚಿಕ್ಕೋರಿದ್ದಾಗ ಹೇಗಿದ್ರು?'

'ಚೆನ್ನಾಗಿದ್ಳು.'

'ಶಾಲೇಲಿ?'

'ಬುದ್ಧಿವಂತೆ. ಲೆಕ್ಕದಲ್ಲಂತೂ ಚುರುಕು.'

'ವಸ್ತುಗಳನ್ನ ಕಳೆಯೋದು, ಮರೆಯೋದು, ಕರೆದ್ರೆ ಕೇಳಿಸದೇ ಇರೋದು? ಪಾಠದ ಮಧ್ಯೆ ಎಲ್ಲೋ ನೋಡ್ತಾ ಕೂರೋದು?'

ಅಕ್ಕ ಒಂದು ಕ್ಷಣ ನಲ್ಲಿಯ ಕಡೆ ನೋಡಿದಳು. 'ಮರೆವಾ? ಅದು ನನ್ನದು ಡಾಕ್ಟರೇ. ಮನೇಲಿ ಮರೀತಿದ್ದೋಳು ನಾನು. ಇವಳಲ್ಲ.'

ಅವಳು ತಲೆ ತಗ್ಗಿಸಿದಳು. ನೆಲದ ಟೈಲ್ಸಿನಲ್ಲಿ ಒಂದು ಬಿರುಕು ಮೇಜಿನ ಕಾಲಿನವರೆಗೆ ಹೋಗಿ ಅಲ್ಲಿ ಎರಡಾಗಿ ಒಡೆದಿತ್ತು. ಆಗಲೂ ಹೀಗೆಯೇ ನೆಲ ನೋಡುತ್ತಿದ್ದಳು. ಶಾಲೆಯಲ್ಲಿ ಅವಳ ಹೆಸರು ಕಿಟಕಿ. ಲೆಕ್ಕದ ಮೇಷ್ಟ್ರು ಇಟ್ಟ ಹೆಸರು. 'ಏನ್ ಕಿಟಕೀ, ಇವತ್ತು ಹೊರಗೆ ಎಷ್ಟು ಕಾಗೆ?' ಎಂದರೆ ಇಡೀ ತರಗತಿ ಗೊಳ್ಳೆನ್ನುತ್ತಿತ್ತು. ಪುಸ್ತಕ ಎಲ್ಲಿ ಎಂದು ಕೇಳಿದರೆ, ಎರಡು ತರಗತಿ ಮೇಲಿದ್ದ ಅಕ್ಕ ಎಲ್ಲಿಂದಲೋ ಬಾಗಿಲಲ್ಲಿ ಪ್ರತ್ಯಕ್ಷಳಾಗಿ, 'ನನ್ನ ಚೀಲದಲ್ಲಿ ಸೇರಿಬಿಟ್ಟಿತ್ತು ಸರ್, ತಪ್ಪು ನನ್ನದು' ಎನ್ನುತ್ತಿದ್ದಳು. ರೇಖಾಗಣಿತದ ಪರೀಕ್ಷೆಯ ಬೆಳಿಗ್ಗೆ ಅವಳು ಕಂಪಾಸಿನ ಡಬ್ಬಿಯನ್ನು ಎಲ್ಲಿಟ್ಟಿದ್ದಳೋ ದೇವರಿಗೇ ಗೊತ್ತು. ಗೇಟಿನ ಹತ್ತಿರ ಅಕ್ಕ ತನ್ನದನ್ನೇ ಅವಳ ಕೈಗೆ ತುರುಕಿ ಓಡಿಹೋಗಿದ್ದಳು. ಅದೇ ದಿನ ಅಕ್ಕನಿಗೂ ಪರೀಕ್ಷೆ. ಡಬ್ಬಿ ಕೊಟ್ಟವಳು ವೃತ್ತ ಹೇಗೆ ಬರೆದಳು ಎಂದು ಅವಳು ಕೇಳಲಿಲ್ಲ. ಇವತ್ತಿನವರೆಗೂ ಕೇಳಿರಲಿಲ್ಲ. ಪರೀಕ್ಷಾ ಕೋಣೆಯ ಎದುರಿನ ಕಿಟಕಿಯಲ್ಲಿ ಬಿಸಿಲು ತುಂಬ ಚೆನ್ನಾಗಿತ್ತು, ಅಷ್ಟೇ ನೆನಪು.

'ನಿಮ್ಮ ತಂದೆ?' ಡಾಕ್ಟರಮ್ಮ ಕೇಳುತ್ತಿದ್ದಳು. 'ಕೆಲವು ಸಲ ಮನೆಯಲ್ಲಿ ಇನ್ನೊಬ್ಬರಿಗೂ ಇರುತ್ತೆ.'

'ನಮ್ಮಪ್ಪ ತುಂಬ ಚೆನ್ನಾಗಿದ್ರು' ಎಂದಳು ಅಕ್ಕ. ದನಿ ಬಾಗಿಲು ಹಾಕಿಕೊಂಡಿತ್ತು.

ಈಗ ಹೇಳಬೇಕು. ಅಕ್ಕಾ, ಸುಳ್ಳು ಹೇಳ್ತಿದೀಯ ಎಂದು ಒಂದು ಮಾತು. ಹೇಳಲಿಲ್ಲ. ಅಕ್ಕ ತನಗಾಗಿ ಸುಳ್ಳು ಹೇಳುವಾಗ ಸುಮ್ಮನಿರುವುದು ಎಷ್ಟು ಹಳೆಯ ಅಭ್ಯಾಸವೆಂದರೆ, ಅದರಲ್ಲೊಂದು ಬೆಚ್ಚಗಿನ ಸುಖವಿತ್ತು. ಜ್ವರ ಬಂದಾಗ ಹೊದಿಕೆಯೊಳಗೆ ಮುದುಡಿಕೊಂಡಂಥ ಸುಖ. ನಾಚಿಕೆಯೂ ಅದರಲ್ಲೇ ಬೆರೆತಿತ್ತು. ಹೊದಿಕೆಯನ್ನು ತಾನೇ ಕಿತ್ತೆಸೆಯುವುದು ಹೇಗೆ?

ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. 'ಸರಿ. ಚಿಕ್ಕಂದಿನಲ್ಲಿ ಏನೂ ಇರಲಿಲ್ಲ ಅಂದಮೇಲೆ ನಾನು ಇದನ್ನ ಎಡಿಎಚ್‌ಡಿ ಅನ್ನೋಕಾಗಲ್ಲ. ಒತ್ತಡ ಇರಬಹುದು, ದಣಿವು ಇರಬಹುದು. ನಿದ್ದೆ ಸರಿಯಾಗಿ ಮಾಡಿ. ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ.'

'ಆಗಲಮ್ಮಾ, ಥ್ಯಾಂಕ್ಸ್' ಎಂದಳು ಅಕ್ಕ, ದೊಡ್ಡದೊಂದು ಉಸಿರು ಬಿಟ್ಟು.

ಅವಳು ಎದ್ದಳು. ನಿದ್ದೆ ಮಾಡಿ. ಇದನ್ನು ಅಮ್ಮನೂ ಹೇಳುತ್ತಿದ್ದಳು, ಬೇರೆ ಬಗೆಯಲ್ಲಿ: 'ಮನಸ್ಸು ಮಾಡಿದ್ರೆ ಆಗುತ್ತೆ ಕಣೇ, ನೀನು ಮನಸ್ಸು ಮಾಡಲ್ಲ.' ಹಾಗಾದರೆ ಮಸೂರ ಸರಿಯಾಗೇ ಇತ್ತು, ಕೆಟ್ಟದ್ದು ಕಣ್ಣೇ. ನಾಳೆ ಮತ್ತೆ ಕೌಂಟರು. ಬಾಗಿಲಿನ ಹಿಡಿಯ ಹಿತ್ತಾಳೆ ಸವೆದು ಬೆಳ್ಳಗಾಗಿತ್ತು; ಎಷ್ಟು ಜನ ಇದನ್ನು ಹಿಡಿದು ಹೊರಗೆ ಹೋಗಿರಬೇಕು ಎಂದುಕೊಳ್ಳುತ್ತ ಹೊರಗೆ ಕಾಲಿಟ್ಟಳು.

ಅಕ್ಕ ಹಿಂದೆಯೇ ಬರಲಿಲ್ಲ. ತಿರುಗಿ ನೋಡಿದರೆ ಕುರ್ಚಿಗಳ ನಡುವೆ ಇದ್ದಳು. ಡಾಕ್ಟರಮ್ಮನಿಗೆ 'ನೀವೂ ಸ್ವಲ್ಪ ನಿದ್ದೆ ಮಾಡಿಯಮ್ಮಾ, ಮುಖ ಬಾಡಿದೆ' ಎಂದು ಹೇಳುತ್ತಲೇ ಒಂದು ಕೈಯಿಂದ ಸ್ವೆಟರನ್ನು ಎಳೆದುಕೊಂಡು ತೋಳಿಗೆ ಹಾಕಿದಳು, ಇನ್ನೊಂದು ಕೈಯಿಂದ ಮೇಜಿನ ಮೇಲಿನ ಕನ್ನಡಕ ಎತ್ತಿ ಚೀಲಕ್ಕೆ ಹಾಕಿದಳು, ಬಗ್ಗಿ ತಂಗಿ ಕೂತಿದ್ದ ಕುರ್ಚಿಯ ಕೆಳಗೆ ಅಂಗೈಯಾಡಿಸಿ ಅಲ್ಲಿ ಬಿದ್ದಿದ್ದ ಬಸ್ ಪಾಸನ್ನು ಹೆಕ್ಕಿದಳು, ಸೀಟಿನ ಮೇಲೆ ಒಮ್ಮೆ ಕೈ ಸವರಿ ನೋಡಿದಳು. ತನ್ನ ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ಏನನ್ನೂ ಹುಡುಕುತ್ತಿರುವವಳಂತೆ ಕಾಣಲಿಲ್ಲ. ಬಾಗಿಲು ದಾಟುವಾಗ ದೀಪ ಆರಿಸುವಷ್ಟು ಸಹಜವಾಗಿ ಕೈಗಳು ತಾವೇ ಓಡಾಡಿದವು.

ಡಾಕ್ಟರಮ್ಮ ನೋಡುತ್ತಿದ್ದಳು. ಜೇಬಿಗೆ ಹೊರಟಿದ್ದ ಪೆನ್ನು ಅರ್ಧದಲ್ಲೇ ನಿಂತಿತ್ತು.

'ಒಂದು ನಿಮಿಷ. ಎಲ್ಲಿಗೆ ಹೋದ್ರೂ ಹೀಗೇ ತಿರುಗಿ ನೋಡ್ತೀರಾ ನೀವು?'

'ಹ್ಞಾಂ? ನೋಡ್ಬೇಕಲ್ಲ ಮತ್ತೆ! ಏನಾದ್ರೂ ಬಿಟ್ಟಿರ್ತಾಳೆ.'

'ಯಾವಾಗಿನಿಂದ?'

'ಇವಳು ನಡೆಯೋಕೆ ಕಲಿತಾಗಿಂದ' ಎಂದ ಅಕ್ಕ, ಹೇಳಿದ ಮೇಲೆ ತನ್ನ ಮಾತನ್ನು ತಾನೇ ಕೇಳಿಸಿಕೊಂಡಳು. ಕೈಯಲ್ಲಿ ಬಸ್ ಪಾಸು ಇತ್ತು, ತೋಳಿನಲ್ಲಿ ಸ್ವೆಟರು.

ನಲ್ಲಿ ತೊಟ್ಟಿಕ್ಕಿತು. 'ಕೂತ್ಕೊಳ್ಳಿ' ಎಂದಳು ಡಾಕ್ಟರಮ್ಮ, ಮೆಲ್ಲಗೆ.

ಅಕ್ಕ ಕೂರಲಿಲ್ಲ. ಸ್ವೆಟರನ್ನು ಎದೆಗವಚಿಕೊಂಡು ನಿಂತೇ ಮಾತಾಡಿದಳು, ಮೊದಲು ಸಿಟ್ಟಿನಿಂದ. 'ನಮ್ಮಪ್ಪನ್ನ ಬೀದೀಲಿ ಅರೆಹುಚ್ಚ ಅಂತಿದ್ರು, ಗೊತ್ತಾ ನಿಮಗೆ? ಮುಖದ ಮೇಲೇ ಅಂತಿದ್ರು. ಅಂಥಾ ಕೈ ಯಾರಿಗೂ ಇರಲಿಲ್ಲ ಆ ಊರಲ್ಲಿ. ಅವರು ನಗ್ತಾ ಇದ್ರು, ನಂಗೆ ಮಾತ್ರ ಹೊಟ್ಟೆ ಉರೀತಿತ್ತು. ಇವಳಿಗೂ ಅದೇ ಅನ್ನಿಸ್ಲಾ? ಆಸ್ಪತ್ರೇಲಿ ಕೂತು ನಾನೇ ನನ್ನ ಬಾಯಾರೆ ಹೇಳ್ಲಾ?'

'ಇದು ಹುಚ್ಚಲ್ಲ ಅಮ್ಮಾ. ಯಾರದೂ ತಪ್ಪೂ ಅಲ್ಲ. ಹೇಳಿದ್ರೆ ಇವರಿಗೆ ಸಹಾಯ ಮಾಡಬಹುದು, ಅಷ್ಟೇ.'

ಆಗ ಅಕ್ಕ ಕೂತಳು. ಹೇಳತೊಡಗಿದಳು. ಬಾಗಿಲಿಗೆ ಒರಗಿ ನಿಂತವಳಿಗೆ ಅದು ತನ್ನ ಕತೆಯೆಂದು ಅನಿಸಲೇ ಇಲ್ಲ. ಯಾವುದೋ ಬೆಳಕಿನ ಮನೆಯೊಂದರ ಕತೆ ಕೇಳಿದಂತಿತ್ತು. ಮನೆಯಿಂದ ಹೊರಟರೆ ನಾಲ್ಕು ಜನರೂ ಸಾಲಾಗಿ ನಡೆಯುತ್ತಿದ್ದದ್ದು: ಮುಂದೆ ಅಪ್ಪ, ಏಣಿ ಹೆಗಲ ಮೇಲೆ, ಹಿಂದೆ ಅವನಿಗೆ ದಾರಿ ತಪ್ಪದಂತೆ ಕೂಗುತ್ತ ಅಮ್ಮ, ಆಮೇಲೆ ಚಿಕ್ಕಿ, ಮನೆಯಲ್ಲಿ ತಂಗಿಯನ್ನು ಕರೆಯುತ್ತಿದ್ದ ಹೆಸರು ಅದು, ಎಲ್ಲರ ಹಿಂದೆ ಅಕ್ಕ. ಅಪ್ಪ ಬೀಳಿಸಿದ ಕುಂಚ, ಚಿಕ್ಕಿ ಬೀಳಿಸಿದ ಒಂಟಿ ಕಾಲುಚೀಲ, ಎಲ್ಲವನ್ನೂ ಹೆಕ್ಕುತ್ತ ಬರುತ್ತಿದ್ದವಳು ಅವಳೇ, ಒಮ್ಮೆ ಚಿಕ್ಕಿಯನ್ನೇ. ಯಾವುದೋ ಬಾವಿಯೊಳಗಿನ ಆಮೆ ನೋಡುತ್ತ ನಿಂತುಬಿಟ್ಟಿದ್ದಳಂತೆ. ಅಕ್ಕ ಅರ್ಧ ಬೀದಿ ಹಿಂದಕ್ಕೆ ಓಡಿಹೋಗಿ ಕರೆದು ತಂದಳಂತೆ. ತಂದದ್ದೇನು, ಅಕ್ಕನೂ ಸ್ವಲ್ಪ ಹೊತ್ತು ಆಮೆ ನೋಡಿದಳಂತೆ. 'ಚೆನ್ನಾಗಿತ್ತು ಡಾಕ್ಟರೇ, ಬೆನ್ನ ಮೇಲೆ ಪಾಚಿ ಬೆಳೆದಿತ್ತು. ಇವಳು ತೋರಿಸದೇ ಇದ್ರೆ ನಾನು ಜನ್ಮದಲ್ಲಿ ಅದನ್ನ ನೋಡ್ತಿರಲಿಲ್ಲ.' ಅಕ್ಕ ನಗುತ್ತಿದ್ದಳು. ನಗುತ್ತಲೇ ಸ್ವೆಟರಿನ ತೋಳಿನಿಂದ ಮೂಗು ಒರೆಸಿಕೊಂಡಳು. 'ಪರೀಕ್ಷೇಲಿ ನಾನು ಮಾತ್ರೆ ಡಬ್ಬಿ ಮುಚ್ಚಳ ಇಟ್ಟು ವೃತ್ತ ಬರೆದೆ. ಮೇಷ್ಟ್ರು ಸೊನ್ನೆ ಹಾಕಿದ್ರು. ಇವಳಿಗೆ ಹೇಳಲಿಲ್ಲ. ಯಾಕೆ ಹೇಳೋದು? ಅಪ್ಪನ ಬೆನ್ನು, ಅಮ್ಮನ ಬೆನ್ನು, ಇವಳ ಬೆನ್ನು ನೋಡ್ಕೊಂಡೇ ಬೆಳೆದೋಳು ನಾನು. ನನ್ನ ಬೆನ್ನು ಯಾರೂ ನೋಡಿಲ್ಲ, ಬಿಡಿ.'

ಆಮೇಲೆ ಡಾಕ್ಟರಮ್ಮ ಕೇಳಿದ್ದು, ಬರೆದದ್ದು, ಮಾತ್ರೆಯ ವಿಷಯ, ಮುಂದಿನ ತಿಂಗಳ ಭೇಟಿ, ಎಲ್ಲವೂ ದೂರದಿಂದ ಕೇಳಿಸಿತು. 'ಎಡಿಎಚ್‌ಡಿ ಇದೆ. ಚಿಕ್ಕಂದಿನಿಂದಲೂ ಇತ್ತು' ಎಂಬುದು ಮಾತ್ರ ಹತ್ತಿರದಿಂದ. ಹಾಡಿನ ಮೇಷ್ಟ್ರ ಮುಖ ಸಡಿಲವಾದಂತೆ ತನ್ನ ಮುಖವೂ ಸಡಿಲವಾಯಿತೇ, ಗೊತ್ತಾಗಲಿಲ್ಲ. ನೆನಪಾದದ್ದು ಏಣಿಯ ತುದಿಯಲ್ಲಿ ಕೂತಿದ್ದ ಅಪ್ಪ. ಯಾರಾದರೂ ಅವನಿಗೂ ಕೆಳಗಿನಿಂದ ಇದನ್ನು ಕೂಗಿ ಹೇಳಿದ್ದರೆ, ಕುಂಚ ಕಿವಿಗೆ ಸಿಕ್ಕಿಸಿಕೊಂಡು 'ಹೌದಾ?' ಎಂದು ನಕ್ಕು, ಅಳಿಲಿನ ಬಾಲವನ್ನು ಮುಂದುವರಿಸುತ್ತಿದ್ದ. ಆದರೆ ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಮುಖ ನೋಡಲಾರದೆ ತಟ್ಟೆಯನ್ನೇ ನೋಡುತ್ತಿದ್ದನಲ್ಲ, ಆಗ? ಆಗಲೂ ನಗುತ್ತಿದ್ದನೇ?

ಬಸ್ಸಿನಲ್ಲಿ ಅಭ್ಯಾಸದಂತೆ ಅಕ್ಕ, 'ಹೋಗೇ, ಕಿಟಕಿ ಹತ್ರ ಕೂತ್ಕೋ' ಎಂದಳು.

'ನೀನು ಕೂತ್ಕೋ.'

'ಇದೇನು ಹೊಸದು? ಡಾಕ್ಟರು ಇದನ್ನೂ ಬರೆದುಕೊಟ್ರಾ?'

'ಹ್ಞೂಂ. ದಿನಕ್ಕೆರಡು ಸಲ, ಊಟ ಆದ ಮೇಲೆ.'

ಅಕ್ಕ ಗೊಣಗುತ್ತ ಒಳಗೆ ಸರಿದಳು. ಸ್ವಲ್ಪ ಹೊತ್ತು ಚೀಲ ನೋಡಿದಳು, ಕೈ ನೋಡಿದಳು, ಆಮೇಲೆ ಹೊರಗೆ ನೋಡತೊಡಗಿದಳು. ಬೀದಿಗಳು ಬಂದು ಹೋದವು. ಅಕ್ಕನ ಹಣೆ ಗಾಜಿಗೆ ಮೆತ್ತಗೆ ತಾಗಿತು. 'ಚಿಕ್ಕೀ' ಎಂದಳು, ತಿರುಗದೆ. 'ಅವತ್ತೇ ಯಾರಿಗಾದ್ರೂ ಹೇಳಿದ್ದಿದ್ರೆ, ನಿಂಗೆ ಇಷ್ಟು ವರ್ಷ...'

'ಆಗ ಹೇಳಿದ್ರೆ ಯಾರು ಕೇಳ್ತಿದ್ರು ಅಕ್ಕಾ? ಬಿಡು.' ಅಕ್ಕನ ಕೂದಲಿನಲ್ಲಿದ್ದ ಹತ್ತಿಯ ಎಳೆಯೊಂದನ್ನು ಬಿಡಿಸಿದಳು. ಅಕ್ಕ ಸುಮ್ಮನೆ ಬಿಡಿಸಿಕೊಂಡಳು.

ನಿಲ್ದಾಣ ಬಂದಾಗ ಅಕ್ಕ ಹೊರಗೆ ಇನ್ನೂ ಏನನ್ನೋ ನೋಡುತ್ತಿದ್ದಳು. ಗಡಬಡಿಸಿ ಎದ್ದು, ಅವಳನ್ನು ದಾಟಿ, ಮುಂದೆ ನಡೆದು ಇಳಿದೇಬಿಟ್ಟಳು. ಹಿಂದೆಯೇ ಹೊರಟಿದ್ದ ತಂಗಿ ಮೆಟ್ಟಿಲ ಹತ್ತಿರ ನಿಂತಳು. ತಿರುಗಿದಳು. ಸೀಟಿನವರೆಗೆ ವಾಪಸು ಬಂದು ನೋಡಿದಳು. ರೆಕ್ಸಿನ್ನಿನ ಮೇಲೆ ಇಬ್ಬರು ಕೂತಿದ್ದ ಎರಡು ತಗ್ಗುಗಳು ನಿಧಾನವಾಗಿ ಮೇಲೇಳುತ್ತಿದ್ದವು. ಬಗ್ಗಿ ಕೆಳಗೆ ಅಂಗೈಯಾಡಿಸಿದಳು. ಧೂಳು. ಇಷ್ಟು ವರ್ಷ ಅಕ್ಕ ಪ್ರತಿ ಸಲವೂ ಕಂಡದ್ದು ಇದನ್ನೇ, ತಾವು ಎದ್ದುಹೋದ ಜಾಗವನ್ನು.

'ಇಳೀತೀರೇನಮ್ಮಾ, ಇಲ್ಲಾ ಇನ್ನೊಂದು ಸುತ್ತು ಬರ್ತೀರಾ?' ಕಂಡಕ್ಟರು ಕೂಗಿದ.

ಇಳಿದಳು. ಅಕ್ಕ ಕಾಲುದಾರಿಯಲ್ಲಿ ನಿಂತಿದ್ದಳು, ಗಾಬರಿಯಾಗಿ. 'ಏನಾದ್ರೂ ಬಿಟ್ಯೇನೆ?'

'ಇಲ್ಲ. ಏನೂ ಇಲ್ಲ. ನೋಡಿದೆ.'

'ನೀನು ನೋಡಿದ್ಯಾ?'

'ನೋಡಿದೆ. ನಡಿ, ಮುಂದೆ ನಡಿ.'

'ಮುಂದೆ ಅಂದ್ರೆ?' ಅಕ್ಕ ಸ್ವಲ್ಪ ಹೊತ್ತು ಅವಳಿಗೆ ದಾರಿ ಬಿಟ್ಟುಕೊಟ್ಟು ನಿಂತಳು. ಅವಳು ಕದಲದಿರುವುದನ್ನು ಕಂಡು, ಗುರುತಿಲ್ಲದ ಬೀದಿಗೆ ಬಂದವಳಂತೆ ಅಳುಕುತ್ತ ಹೊರಟಳು. ಎರಡು ಸಲ ತಿರುಗಿ ನೋಡಿದಳು. ಮೂರನೆಯ ಸಲ ನೋಡಲಿಲ್ಲ. ಚೀಲ ಹೊತ್ತೂ ಹೊತ್ತೂ ಅಕ್ಕನ ಎಡಭುಜ ಕೆಳಗಿಳಿದಿತ್ತು. ಅದು ಯಾವಾಗ ಹಾಗಾಯಿತೋ ಅವಳಿಗೆ ತಿಳಿಯದು. ನಡೆಯುವಾಗ ಅಕ್ಕ ಅಪ್ಪನ ಹಾಗೆಯೇ ತಲೆಯನ್ನು ಒಂದಿಷ್ಟು ವಾಲಿಸುತ್ತಾಳೆ ಎಂಬುದೂ ಇಂದೇ ಕಂಡದ್ದು. ಆ ಬೆನ್ನಿನ ಮೇಲಿಂದ ಕಣ್ಣು ಕೀಳದೆ, ಕೊನೆಯಲ್ಲಿ, ಅವಳು ನಡೆದಳು.